ಅಂಗಿಯ ಮೇಲಿನ ಅಂಗೈ

ಬಾಗಿಲಿಗೆ ಕಿವಿ ಹಚ್ಚಿ ನಿಂತವಳ ಕೈಯಲ್ಲಿ ಅರ್ಧ ಹೊಲಿದ ತೋಳೊಂದಿತ್ತು. ತೋಳಿನ ತುದಿಯಿಂದ ಇಳಿಬಿದ್ದ ನೂಲು ಹಲಗೆಯ ನೆಲದ ಮೇಲೆ ಹರಿದು, ನಡುಮನೆ ದಾಟಿ, ಅವಳು ಎದ್ದು ಬಂದ ಮಷೀನಿನ ಸೂಜಿಗೆ ಇನ್ನೂ ಅಂಟಿಕೊಂಡೇ ಇತ್ತು. ಅದನ್ನು ಕತ್ತರಿಸಿ ಬರುವಷ್ಟು ತಾಳ್ಮೆ ಅವಳಿಗೆ ಇರಲಿಲ್ಲ.

"ಏನಾದ್ರೂ ಕೇಳಿಸ್ತೇನೇ?" ಎಂದು ಹಿಂದಿನಿಂದ ಕಾಜಾ ಅಕ್ಕ ಪಿಸುಗುಟ್ಟಿದಳು. ಅಂಗಡಿಯ ಅಂಗಿಗಳಿಗೆಲ್ಲ ಗುಂಡಿಯ ಕಾಜಾ ಹೊಲಿಯುವವಳು ಅವಳು. ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಊರಿನ ಸುದ್ದಿಯನ್ನೆಲ್ಲ ಹೇಳಿ ಮುಗಿಸುವ ವಿದ್ಯೆ ಅವಳಿಗೆ ಒಲಿದಿತ್ತು.

"ಶ್! ಓದ್ತಿದಾನೆ."

"ನಿಮ್ಮಪ್ಪ?"

"ಅಪ್ಪ ಉಸಿರೇ ಎತ್ತಲ್ಲ."

"ಅದೇ ನೋಡು ಮತ್ತೆ. ಎದುರಿಗೆ ಕೂತು ಕೇಳೋ ಮನುಷ್ಯ ಒಂದು ಹ್ಞೂಂ ಅನ್ನೋದು ಬೇಡ್ವಾ? ನಮ್ಮತ್ತೆ ಸೀರಿಯಲ್ ನೋಡುವಾಗ್ಲೂ ಅಷ್ಟು ಮಾಡ್ತಾರೆ."

ಒಳಗಿನ ದನಿ ಒಂದೇ ಹದದಲ್ಲಿ ಸಾಗುತ್ತಿತ್ತು. ಭಾರ ಹೇರಿದ ಗಾಡಿ ಮರದ ಸೇತುವೆಯ ಮೇಲೆ ಆತುರವಿಲ್ಲದೆ ಹೋಗುವ ಹಾಗೆ ಹಳೆಯ ಸಂಸ್ಕೃತದ ಸಾಲುಗಳು ಒಂದರ ಹಿಂದೊಂದು ಉರುಳುತ್ತಿದ್ದವು. ಬಾಗಿಲ ಹಲಗೆ ಅವಳ ಕೆನ್ನೆಗೆ ಸಣ್ಣಗೆ ನಡುಗುತ್ತಿತ್ತು. ದನಿ ನಿಂತಿತು, ಸ್ಟೂಲು ಎಳೆದ ಸದ್ದಾಯಿತು. ಇಬ್ಬರೂ ಬಿದ್ದೆದ್ದು ತಮ್ಮ ತಮ್ಮ ಜಾಗ ಸೇರಿದರು. ನೂಲು ಕಾಜಾ ಅಕ್ಕನ ಕಾಲಿಗೆ ಸಿಕ್ಕು ಕಡಿಯಿತು.

ಹೊರಗೆ ಬಂದವನು ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಒಳ್ಳೆ ಗಳದಂಥ ಆಳು. ಕತ್ತಿನವರೆಗೂ ಗುಂಡಿ ಹಾಕಿದ ಬಿಳಿ ಅಂಗಿ. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿಗಳ ಬರುಹೋಗು ಕೂಗಿ ಹೇಳುತ್ತಿದ್ದವನು. ರೆಕಾರ್ಡು ಮಾಡಿದ ದನಿ ಬಂದ ಮೇಲೆ ಅವನನ್ನು ಮನೆಗೆ ಕಳಿಸಿದ್ದರು. ಕಾಜಾ ಅಕ್ಕ ಅವನಿಗೆ ಪ್ಲಾಟ್‌ಫಾರ್ಮ್ ಎಂದು ಹೆಸರಿಟ್ಟಿದ್ದಳು.

"ಬರ್ತೀನಮ್ಮ," ಎಂದ. ಒಂದು ಉಸಿರು ಬಿಟ್ಟು ಮತ್ತೆ, "ಬರ್ತೀನಿ." ಯಾವ ಮಾತನ್ನೂ ಎರಡು ಸಲ ಹೇಳದೆ ಹೋಗುವವನಲ್ಲ. ಕೆಲಸ ಹೋದರೂ ಚಾಳಿ ಹೋಗಿರಲಿಲ್ಲ.

ಅವಳು ತಲೆಯಾಡಿಸಿದಳು. ಅವನ ಎದೆಯ ಮೇಲೆ ಕಣ್ಣು ನಿಂತುಬಿಟ್ಟಿತು. ಬಿಳಿ ಅಂಗಿಯ ನಟ್ಟನಡುವೆ, ಗುಂಡಿಪಟ್ಟಿಯ ಮೇಲೆ, ಒಂದು ಅಂಗೈ ಮೂಡಿತ್ತು. ಐದು ಬೆರಳೂ ಬೇರೆಬೇರೆ ಕಾಣುವಂತೆ, ಮಾಸಲು ಕಪ್ಪಿನಲ್ಲಿ, ಯಾರೋ ಮುದ್ರೆ ಒತ್ತಿ ಕಳಿಸಿದ ಹಾಗೆ. ಮಷೀನ್ ಎಣ್ಣೆಯ ಕಪ್ಪು ಅದು. ಹೆಬ್ಬೆರಳು ಸೊಟ್ಟಗಿತ್ತು. ಅಪ್ಪನ ಹೆಬ್ಬೆರಳು.

"ಹೊಡೆದಾಡಿಕೊಂಡ್ರಾ?" ಅವನು ಬೀದಿಗಿಳಿದದ್ದೇ ಕಾಜಾ ಅಕ್ಕ ಬಾಯಿಂದ ಸೂಜಿ ತೆಗೆದಳು. ಹಾಗೆ ತೆಗೆದಳೆಂದರೆ ವಿಷಯ ಗಂಭೀರ ಎಂದೇ ಅರ್ಥ.

*

ಹೊಲಿಗೆ ಮಷೀನ್ ರಿಪೇರಿ ಮಾಡುತ್ತ ಅಪ್ಪನ ಆಯುಷ್ಯ ಸವೆದಿತ್ತು. ಹಿಂದಿನ ಕೋಣೆಯಲ್ಲಿ ಅವನ ರಿಪೇರಿ, ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ. ಬೆಳಗಿನಿಂದ ಸಂಜೆಯವರೆಗೆ ಮಷೀನುಗಳ ಗಲಾಟೆಯಲ್ಲಿ ಆ ಮನೆಯವರು ಮಾತಾಡಿದ್ದಕ್ಕಿಂತ ಕೂಗಿದ್ದು, ಕೂಗಿದ್ದಕ್ಕಿಂತ ಕೈಸನ್ನೆ ಮಾಡಿದ್ದು ಹೆಚ್ಚು. ಅಮ್ಮ ಇದ್ದಾಗಲೂ ಹಾಗೇ. ಊಟಕ್ಕೆ ಕರೆಯಬೇಕಾದರೆ ಕೋಣೆಯ ಲೈಟನ್ನು ಆರಿಸಿ ಹತ್ತಿಸುತ್ತಿದ್ದಳು. ಮಗಳೂ ಅದನ್ನೇ ಮಾಡಿಕೊಂಡು ಬಂದಿದ್ದಳು.

ಯಾರಾದರೂ ಕೆಟ್ಟ ಮಷೀನು ತಂದರೆ ಅಪ್ಪ ಕೂಡಲೇ ಬಿಚ್ಚುತ್ತಿರಲಿಲ್ಲ. ಚಕ್ರ ತಿರುಗಿಸಿ ಓಡಲು ಬಿಟ್ಟು, ಅದರ ಬೆನ್ನಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದ. ಆಮೇಲೆ ಶಟಲ್ಲೋ, ಬೆಲ್ಟೋ, ಇನ್ನೇನೋ ಹೆಸರು ಹೇಳುತ್ತಿದ್ದ. ಕೆಲವಕ್ಕೆ ಮಾತ್ರ ಕೈ ತೆಗೆದು, "ತಗೊಂಡ್ಹೋಗಿ, ಇದು ಆಗಲ್ಲ" ಎನ್ನುತ್ತಿದ್ದ.

ಅಂಥವನಿಗೆ ಈಚೆಗೆ ಏನೋ ಆಗಿತ್ತು. ಮೊದಲೆಲ್ಲ ಒಂದು ಮಾತಾಡಿದರೆ ಎರಡು ಮಾತು ತಿರುಗಿಸಿ ಕೊಡುತ್ತಿದ್ದವನು ಈಗ ಬೈದರೂ ನಗುತ್ತಿದ್ದ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಬಚ್ಚಲ ಪೈಪು ಒಡೆದು ನೀರೆಲ್ಲ ನುಗ್ಗಿದ ದಿನ ಅವಳು ಓಡಿಬಂದು ಬಾಯಿ ಬಡಿದುಕೊಂಡರೆ, ತಲೆಯೆತ್ತಿ ಅವಳನ್ನೊಮ್ಮೆ ನೋಡಿ, "ಆಗ್ಲಿ ಬಿಡು" ಎಂದಿದ್ದ. ಆ ಶಾಂತಿಗೆ ಅವಳ ಮೈ ಉರಿದಿತ್ತು.

"ಗಾಜಿನಂಗಡಿಯವಳ ಮಾವನದ್ದೂ ಹೀಗೇ ಶುರುವಾಗಿದ್ದು," ಎಂದು ಕಾಜಾ ಅಕ್ಕ ಅವಳ ತಲೆಗೆ ಹುಳ ಬಿಟ್ಟಿದ್ದಳು. "ಮೊದಲು ಪುಸ್ತಕ. ಆಮೇಲೆ ಪುಸ್ತಕ ಓದಿ ಹೇಳೋಕೆ ಒಬ್ಬ. ಆಮೇಲೆ ಕೋಪ ಹೋಯ್ತು, ಆಸೆ ಹೋಯ್ತು. ಮನೆಯವರೆಲ್ಲ ಖುಷಿಯಾಗಿದ್ರು, ನಮ್ಮುದುಕ ಎಷ್ಟು ಒಳ್ಳೆಯವನಾದ ಅಂತ. ಒಂದು ದಿನ ನೋಡಿದ್ರೆ ಮುದುಕನೇ ಇಲ್ಲ. ಯಾವುದೋ ಆಶ್ರಮ ಸೇರ್ಕೊಂಡು, ಮಗ ಹೋಗಿ ಕರೆದ್ರೆ ‘ನೀವ್ಯಾರು?’ ಅಂದ್ನಂತೆ!"

ಪ್ಲಾಟ್‌ಫಾರ್ಮು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಅದೇ ಅವಳ ಮೊದಲ ಅನುಮಾನ. ದುಡ್ಡು ಬೇಡ ಎನ್ನುವವನಿಗೆ ಅದಕ್ಕಿಂತ ದೊಡ್ಡದೇನೋ ಬೇಕಾಗಿರುತ್ತದೆ. ಹೆಂಡತಿಯ ಮಷೀನು ರಿಪೇರಿಗೆ ತಂದವನು ಮಷೀನು ಸರಿಯಾಗಿ ಮನೆಗೆ ಹೋದ ಮೇಲೂ ದಿನಾ ಮಧ್ಯಾಹ್ನ ಬರತೊಡಗಿದ್ದ. ಬಂದವನೇ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಋಷಿಗಳ ಕಾಲದ ಮಾತು ಕೇಳುವುದಕ್ಕೆ ಚಿಲಕ ಯಾಕೆ?

ಅಪ್ಪ ಸ್ನಾನಕ್ಕೆ ಹೋದಾಗ ಅವಳು ಆ ಪುಸ್ತಕವನ್ನು ತೆರೆದು ನೋಡಿದ್ದಳು. ದಪ್ಪ ರಟ್ಟಿನ ವೇದಾಂತದ ಪುಸ್ತಕ. ಮೇಲೆ ಮಂತ್ರ, ಕೆಳಗೆ ಸಣ್ಣಕ್ಷರದಲ್ಲಿ ಅದರ ಅರ್ಥ. ಅಪ್ಪನ ಅಪ್ಪನ ಕಾಲದಿಂದ ಅಟ್ಟದ ಮೇಲಿತ್ತು. ಎಲ್ಲಿ ತೆರೆದರೂ ಕಣ್ಣಿಗೆ ಕಾಣದ್ದು, ಕಿವಿಗೆ ಕೇಳದ್ದು, ಕೈಗೆ ಸಿಗದ್ದು ಒಂದರ ಸುದ್ದಿಯೇ. ಕಾಣದ್ದು, ಕೇಳದ್ದು, ಸಿಗದ್ದು. ಎಂಥ ಅನುಕೂಲದ ಸರಕು ಎಂದು ಅವಳಿಗನ್ನಿಸಿತು. ಕೊಂಡವನು ಮನೆಗೆ ಹೋಗಿ ಪೊಟ್ಟಣ ಬಿಚ್ಚಿ ನೋಡುವ ಹಾಗೂ ಇಲ್ಲ.

ಅಂಗಿಯ ಮೇಲೆ ಅಂಗೈ ಕಂಡ ಮಾರನೆಯ ದಿನ ಅವಳು ಅವನನ್ನು ಗೇಟಿನ ಬಳಿ ತಡೆದಳು. ಹೊಸ ಅಂಗಿ, ಅದೇ ಜಾಗದಲ್ಲಿ ಅದೇ ಕೈ.

"ಇವತ್ತು ಓದಿದ್ರಲ್ಲ, ಅದರ ಅರ್ಥ ಏನು?"

ಅವನು ಮೇಲೆ ನೋಡಿದ, ಅಲ್ಲಿ ಬೋರ್ಡು ಇರುವಂತೆ. "ನಂಗೊತ್ತಿಲ್ಲಮ್ಮ... ಗೊತ್ತಿಲ್ಲ."

"ಅರ್ಥ ಗೊತ್ತಿಲ್ದೇನೇ ಓದ್ತೀರಾ?"

"ಸ್ವರ ತಪ್ಪದ ಹಾಗೆ ಓದೋಕೆ ಚಿಕ್ಕವನಿದ್ದಾಗ ಕಲಿಸಿದ್ರು. ಅಷ್ಟೇ. ನಾನು ಜೀವನಪೂರ್ತಿ ಎಲ್ಲೆಲ್ಲಿಗೋ ಹೋಗೋ ರೈಲು ಕೂಗಿದೋನು. ಅದರಲ್ಲಿ ಒಂದೂರನ್ನೂ ನೋಡಿಲ್ಲ... ನೋಡಿಲ್ಲ."

"ಮತ್ತೆ ನಮ್ಮಪ್ಪಂಗೆ ಅರ್ಥ ಹೇಳೋರು ಯಾರು?"

"ಅವರು ಕೇಳಲ್ಲ," ಎಂದ. ಹೇಳಿದವನು ತನ್ನ ಮಾತಿಗೆ ತಾನೇ ಗಲಿಬಿಲಿಗೊಂಡು, ಮೊದಲ ಬಾರಿಗೆ ಅದನ್ನು ಎರಡನೇ ಸಲ ಹೇಳದೆ ಹೊರಟುಹೋದ.

"ಅರ್ಥ ಬೇಡ್ವಂತೆ!" ಕಾಜಾ ಅಕ್ಕ ತೊಡೆ ತಟ್ಟಿಕೊಂಡಳು. "ಹಾಗಾದ್ರೆ ರೈಲಿನ ಟೈಮ್‌ಟೇಬಲ್ಲೇ ಓದಬಹುದಿತ್ತಲ್ಲೇ. ಅದ್ರಲ್ಲಾದ್ರೆ ನಾಲ್ಕು ಜನಕ್ಕೆ ಉಪಯೋಗ."

ಅವಳಿಗೆ ನಗು ಬರಲಿಲ್ಲ. ಅವತ್ತು ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತ, "ಇನ್ನು ಎಲ್ಲ ಬಿಟ್ಟುಬಿಡೋಣ ಅಂತಿದೀನಿ, ಪುಟ್ಟಿ" ಎಂದ.

ಅವಳು ಸೌಟು ಕೆಳಗಿಟ್ಟಳು. "ಎಲ್ಲ ಅಂದ್ರೆ? ಬಿಟ್ಟು ಎಲ್ಲಿಗೆ ಹೋಗ್ತೀಯ?"

ಅವನು ತಟ್ಟೆಯಿಂದ ಮುಖ ಎತ್ತಲಿಲ್ಲ.

"ಅಪ್ಪಾ, ನಿನ್ನೇ ಕೇಳ್ತಿರೋದು. ನನ್ನೂ ಬಿಟ್ಟುಬಿಡ್ತೀಯಾ?"

ನೀರು ಕುಡಿಯಲು ತಲೆ ಎತ್ತಿದವನು ಅವಳ ಮುಖ ಕಂಡು ನಕ್ಕ. ಅದೇ ನಗು. ಊಟದ ತಟ್ಟೆ ಎತ್ತಿಕೊಂಡು ಎದ್ದು ಹೋದ.

*

ಹಿಂದಿನ ಕೋಣೆಗೆ ಅಂಗಳದ ಕಡೆ ಒಂದು ಕಿಟಕಿಯಿತ್ತು. ಮಾರನೆಯ ಮಧ್ಯಾಹ್ನ ಅವಳು ಒದ್ದೆ ಬಟ್ಟೆ ಒಣಹಾಕುವ ನೆಪದಲ್ಲಿ ಅಂಗಳಕ್ಕೆ ಹೋಗಿ, ಒಂದು ಬೆಡ್‌ಶೀಟಿನ ಹಿಂದೆ ನಿಂತು ಒಳಗೆ ಕಣ್ಣು ಹಾಯಿಸಿದಳು.

ಸ್ಟೂಲಿನ ಮೇಲೆ ಪ್ಲಾಟ್‌ಫಾರ್ಮು, ತೊಡೆಯ ಮೇಲೆ ಪುಸ್ತಕ. ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರದಲ್ಲಿ ಅಪ್ಪ. ಅಪ್ಪನ ಬಲಗೈ ಮುಂದೆ ಚಾಚಿ ಅವನ ಎದೆಯ ಮೇಲೆ ಕೂತಿತ್ತು. ತಳ್ಳುತ್ತಿರಲಿಲ್ಲ, ಹಿಡಿದಿರಲೂ ಇಲ್ಲ, ಸುಮ್ಮನೆ ಇತ್ತು. ಅಪ್ಪನ ಕಣ್ಣು ಮುಚ್ಚಿತ್ತು. ಮುಖದಲ್ಲಿ ಅವಳು ಎಂದೂ ನೋಡದ ಏನೋ ಇತ್ತು. ಒಬ್ಬ ಮನುಷ್ಯ ಮನೆಯವರನ್ನೆಲ್ಲ ಮರೆತಾಗ ಮಾತ್ರ ಹಾಗೆ ಕಾಣಬಹುದು ಎಂದುಕೊಂಡಳು. ದೀಕ್ಷೆಯೋ, ಮಂಕುಬೂದಿಯೋ, ಅಂಥದ್ದೇ ಏನೋ ನಡೆದಿದೆ. ಗಾಜಿನಂಗಡಿಯ ಮುದುಕನೂ ಹೊರಡುವ ಮೊದಲು ಹೀಗೇ ಕೂತಿದ್ದನೇನೋ.

ಅವನು ಹೊರಗೆ ಬರುವಾಗ ಅವಳು ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ನಾಳೆಯಿಂದ ನೀವು ಬರೋದು ಬೇಡ."

ಅವನು ತಗ್ಗಿ ತನ್ನ ಅಂಗಿಯನ್ನು ನೋಡಿಕೊಂಡ. "ಯಜಮಾನ್ರಿಗೆ..."

"ಯಜಮಾನ್ರಿಗೆ ನಾನು ಹೇಳ್ಕೊಳ್ತೀನಿ. ನಿಮಗೆ ಬೇಕಾದೋರು ಬೇರೆ ಯಾರಾದ್ರೂ ಸಿಗ್ತಾರೆ. ನಮಗಿರೋದು ಒಬ್ಬನೇ ಅಪ್ಪ."

ಅವನು ಅಂಗಿಯ ಮೇಲಿನ ಗುರುತನ್ನು ಬೆರಳಿನಿಂದ ಮುಟ್ಟಿದ. ಆಮೇಲೆ, "ಅವರು ನಿಮಗೆ ಹೇಳಿಲ್ವಾ?" ಎಂದ.

"ಏನನ್ನ?"

ಕಿಟಕಿಯ ಕಡೆ ನೋಡಿದ. "ಹಾಗಾದ್ರೆ ನಾನು ಹೇಳೋದು ಸರಿಯಲ್ಲ... ಸರಿಯಲ್ಲ."

ಇಷ್ಟು ಸಾಕಿತ್ತು ಅವಳಿಗೆ. ತನಗೆ ಗೊತ್ತಿಲ್ಲದ್ದೊಂದು ಆ ಇಬ್ಬರ ನಡುವೆ ಇದೆ ಎಂದು ಅವನ ಬಾಯಿಂದಲೇ ಬಂದ ಹಾಗಾಯಿತು. ಗೇಟು ತೆರೆದು ಹಿಡಿದಳು. ಅವನು ಬರ್ತೀನಿ ಎನ್ನದೆ ಹೋದ.

ಅಪ್ಪನಿಗೆ ಅವಳು ಹೇಳಿದ್ದು ನಿಜ. ಅವನು ಒಂದು ಮಷೀನಿನ ಹೊಟ್ಟೆಯೊಳಗೆ ಕೈ ಹಾಕಿ ಬಗ್ಗಿದ್ದಾಗ, "ಅವರು ಇನ್ನು ಬರಲ್ವಂತೆ" ಎಂದು ಹೇಳಿ ಸರಕ್ಕನೆ ಹೊರಬಂದಿದ್ದಳು. ಅಪ್ಪ ಏನೂ ಅಂದಿರಲಿಲ್ಲ. ಆದರೆ ಮಾರನೆಯ ಮಧ್ಯಾಹ್ನ ಎಂದಿನ ಹೊತ್ತಿಗೆ ಕೈ ಒರೆಸಿಕೊಂಡ, ಸ್ಟೂಲು ತಂದಿಟ್ಟ, ಪುಸ್ತಕವನ್ನು ಅದರ ಮೇಲಿಟ್ಟು ಕಾದು ಕೂತ. ಅದರ ಮಾರನೆಯ ದಿನವೂ. ತನ್ನನ್ನು ಹಂಗಿಸಲೆಂದೇ ಹೀಗೆ ಮಾಡುತ್ತಿದ್ದಾನೆ ಎಂದು ಅವಳು ಹಲ್ಲು ಕಚ್ಚಿಕೊಂಡಳು. ಅವನು ನಡುನಡುವೆ ಬಾಗಿಲಿಗೆ ಬಂದು ಬೀದಿಯ ಕಡೆ ನೋಡಿ ಹೋಗುತ್ತಿದ್ದ. ಹುಷಾರಿಲ್ಲದಿರಬಹುದು ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಅದನ್ನು ಎಷ್ಟು ಜೋರಾಗಿ ಹೇಳಿಕೊಂಡನೆಂದರೆ ಕಾಜಾ ಅಕ್ಕನ ಸೂಜಿ ಬೆರಳಿಗೆ ಚುಚ್ಚಿತು.

"ಕೇಳಿಸ್ಕೊಂಡ್ಯಾ? ನಮಗೆ ಕೇಳ್ಲಿ ಅಂತಾನೇ ಹೇಳಿದ್ದು," ಎಂದಳು ಬೆರಳು ಚೀಪುತ್ತ.

ಆ ವಾರವೇ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮಷೀನು, ಫ್ಯಾನು ಎಲ್ಲ ಒಟ್ಟಿಗೆ ನಿಂತು ಮನೆ ಬಾವಿಯಷ್ಟು ನಿಶ್ಶಬ್ದವಾಯಿತು. ಇದೇ ಸಮಯ, ಇವತ್ತು ಎದುರಿಗೆ ನಿಲ್ಲಿಸಿ ಕೇಳಿಯೇ ಬಿಡಬೇಕೆಂದು ಅವಳು ಹಿಂದಿನ ಕೋಣೆಯ ಹೊಸ್ತಿಲಿಗೆ ಬಂದಳು. ಅಪ್ಪ ಬೆನ್ನು ಹಾಕಿ ಕೂತು ಒಂದು ಸ್ಕ್ರೂ ತಿರುಗಿಸುತ್ತಿದ್ದ. ಅಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಕಾಜಾ ಅಕ್ಕನ ಮೊಣಕೈ ತಾಗಿ ಇಸ್ತ್ರಿಪೆಟ್ಟಿಗೆ ಮೇಜಿನಿಂದ ಬಿತ್ತು. ಹಳೆಯ ಕಾಲದ ಕಬ್ಬಿಣದ ಗುಂಡು ಅದು. ಬಿದ್ದ ಸದ್ದಿಗೆ ಬೀದಿಯ ನಾಯಿ ಬೊಗಳಿತು, ಕಾಜಾ ಅಕ್ಕ ಚೀರಿದಳು, ಹೊಸ್ತಿಲಲ್ಲಿದ್ದ ಅವಳೂ ಎರಡು ಹೆಜ್ಜೆ ಹಾರಿದಳು.

ಅಪ್ಪ ತಿರುಗಲಿಲ್ಲ. ತಲೆ ಬಗ್ಗಿಸಿ, ನೆಲದ ಹಲಗೆಯ ಮೇಲಿದ್ದ ತನ್ನ ಬರಿಗಾಲುಗಳನ್ನು ನೋಡಿಕೊಂಡ.

ಅವಳು ಅಲ್ಲೇ ನಿಂತಳು. "ಅಪ್ಪಾ," ಎಂದಳು ಮೆಲ್ಲಗೆ. ಸ್ಕ್ರೂ ಒಂದು ಸುತ್ತು ತಿರುಗಿತು. "ಅಪ್ಪಾ, ಮನೇಲಿ ಕಳ್ಳ ಇದಾನೆ." ಇನ್ನೊಂದು ಸುತ್ತು. "ಅಪ್ಪಾ! ಮನೆಗೆ ಬೆಂಕಿ ಬಿದ್ದಿದೆ!" ಕೂಗಿದ್ದು ಅಂಗಳದ ಗೋಡೆಗೆ ಬಡಿದು ವಾಪಸು ಬಂತು. ಅಪ್ಪ ಸ್ಕ್ರೂ ಬಿಗಿ ಮಾಡಿ, ತುದಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಬಟ್ಟೆಯಿಂದ ಒರೆಸಿದ.

ಅವಳು ಸುತ್ತಿ ಹೋಗಿ ಅವನೆದುರು ಮೊಣಕಾಲೂರಿದಳು.

"ಯಾವತ್ತಿಂದ?"

ಅಪ್ಪನ ಕಣ್ಣು ಅವಳ ಕಣ್ಣಿನಲ್ಲಿರಲಿಲ್ಲ, ತುಟಿಯ ಮೇಲಿತ್ತು. ಈ ನೋಟವನ್ನು ತಾನು ಎಷ್ಟು ತಿಂಗಳಿಂದ ನೋಡುತ್ತಿದ್ದೇನೆ ಎಂದು ಅವಳಿಗೆ ಆಗ ಹೊಳೆಯಿತು.

"ಗೊತ್ತಾಯ್ತಾ?" ಎಂದ. ನಗಲಿಲ್ಲ. "ಸ್ವಲ್ಪ ಸ್ವಲ್ಪಾನೇ ಹೋಯ್ತು. ಡಾಕ್ಟರಿಗೆ ತೋರಿಸ್ದೆ. ನರಾನೇ ಒಣಗಿದೆ, ಯಾವ ಮಷೀನು ಸಿಕ್ಕಿಸಿದ್ರೂ ಅಷ್ಟೇ ಅಂದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳಿದ್ರೆ ಆ ಕಾಜಾದೋಳಿಗೆ ಹೇಳ್ತೀಯ. ಅವಳಿಗೆ ಹೇಳಿದ್ರೆ ಬೀದಿಗೆಲ್ಲ ಹೇಳ್ದಂಗೆ. ಕಿವಿ ಕೇಳ್ದೋನ ಹತ್ರ ಮಷೀನು ಯಾರು ತರ್ತಾರೆ ಪುಟ್ಟಿ? ಅದಕ್ಕೇ ರಿಪೇರಿ ಬಿಟ್ಟುಬಿಡ್ತೀನಿ ಅಂದೆ. ನೀನು ಬೇಡ ಅನ್ನಲೂ ಇಲ್ಲ."

ಅವಳು ಏನೋ ಹೇಳಲೆಂದು ಬಾಯಿ ತೆರೆದು ಮುಚ್ಚಿದಳು. ಅವನು ಆ ಚಲನೆಯನ್ನೂ ಓದಲು ನೋಡಿದ.

"ಮತ್ತೆ ಅವನು? ಆ ಓದು?"

ಅಪ್ಪ ಮುಂದಿದ್ದ ಮೇಜಿನ ಹಲಗೆಯನ್ನು ಅಂಗೈಯಿಂದ ತಟ್ಟಿದ. "ಅವನು ಹೆಂಡ್ತಿ ಮಷೀನು ತಂದ ದಿನ ಇಲ್ಲಿ ನಿಂತು ಏನೋ ಹೇಳ್ದ. ಏನಂದ್ನೋ ಗೊತ್ತಿಲ್ಲ. ಆದ್ರೆ ಅಂದಿದ್ದು ಈ ಹಲಗೆಗೆ ಬಂತು, ಹಲಗೆಯಿಂದ ನನ್ನ ಕೈಗೆ ಬಂತು. ಎಷ್ಟು ದಿನವಾಗಿತ್ತು ಗೊತ್ತಾ, ಒಬ್ಬರ ಮಾತು ನನ್ನ ಹತ್ರ ಬಂದು! ನಾಳೆ ಬಾ ಅಂದೆ. ಮೊದಲು ಅವನ ರೈಲುಗಳನ್ನೇ ಕೂಗು ಅಂದೆ. ಕೂಗ್ದ. ಆಮೇಲೆ ಪೇಪರು ಓದಿಸ್ದೆ. ಬರೀ ಗಡಗಡ, ಬೇರಿಂಗು ಸವೆದ ಮಷೀನಿನ ಹಾಗೆ."

"ಇದು?" ಎಂದಳು ಪುಸ್ತಕ ತೋರಿಸಿ.

"ಇದನ್ನ ಕೊನೆಗಾಲಕ್ಕೆ ಕೇಳೋಣ ಅಂತ ಎತ್ತಿಟ್ಟಿದ್ದೆ. ಕಾಲ ಬಂತು, ಕಿವಿ ಹೋಯ್ತು." ಅವನು ಪುಸ್ತಕದ ರಟ್ಟನ್ನು ಸವರಿದ. "ಇದನ್ನ ಓದಿದಾಗ... ಹೇಗೆ ಹೇಳ್ಲಿ. ಎಷ್ಟು ಜನರ ಎದೆಯಲ್ಲಿ ಓಡಿ ಬಂದಿರಬೇಕು ಇದು, ಇಷ್ಟು ನಯವಾಗೋಕೆ. ಎಲ್ಲೂ ಒಂದು ಸ್ಕ್ರೂ ಸಡಿಲ ಇಲ್ಲ. ಅರ್ಥ ಇರಬಹುದು, ದೊಡ್ಡದೇ ಇರಬಹುದು. ನನಗೆ ಅದು ಓಡ್ತಾ ಇದೆ ಅನ್ನೋದು ಕೈಗೆ ಸಿಗುತ್ತಲ್ಲ, ಅಷ್ಟು ಸಾಕು." ಬಾಗಿಲ ಕಡೆ ನೋಡಿದ. "ಅವನಿಗೇನಾಯ್ತೋ. ಹೇಳ್ದೆ ಬಿಡೋ ಮನುಷ್ಯ ಅಲ್ಲ."

ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು. ತುಟಿ ಅವನಿಗೆ ಕಾಣಬಾರದಿತ್ತು. ನಿಜ ಕೇಳಿದ ಮೇಲೂ ಅವಳೊಳಗಿನ ಹುಳ ಸಾಯಲಿಲ್ಲ, ಬೇರೆ ಕಡೆ ಕೊರೆಯತೊಡಗಿತು. ಇಷ್ಟು ತಿಂಗಳು ಈ ಮನೆಯಲ್ಲಿ ತಾನೂ ಮಾತಾಡಿದ್ದೇನೆ. ಕೂಗಿದ್ದೇನೆ, ಬೈದಿದ್ದೇನೆ, ಇದೇ ಮೇಜಿಗೆ ಒರಗಿ ಅತ್ತಿದ್ದೇನೆ ಕೂಡ. ಅದರಲ್ಲಿ ಒಂದಾದರೂ ಈ ಹಲಗೆಗೆ ಬಂದಿರಲಿಲ್ಲವೇ? ಬಂದದ್ದು ಯಾವನೋ ರೈಲು ಕೂಗುವವನ ದನಿ. ಹೋಗಿ ಕರೆದರೆ ನಾಳೆಯೇ ಬಂದಾನು. ಬಾಗಿಲು ಹಾಕಿಕೊಳ್ಳುತ್ತಾರೆ. ತಾನು ಮತ್ತೆ ಈಚೆಗೆ, ನೂಲು ಹಿಡಿದುಕೊಂಡು.

ಅವಳು ಪುಸ್ತಕ ಎತ್ತಿಕೊಂಡು ಸ್ಟೂಲಿನ ಮೇಲೆ ಕೂತಳು. ಅಪ್ಪ ಹುಬ್ಬೇರಿಸಿದ.

"ನಾನು ಓದ್ತೀನಿ," ಎಂದಳು, ಒಂದೊಂದು ಅಕ್ಷರವನ್ನೂ ತುಟಿಯಲ್ಲಿ ಅಗಲಿಸಿ. ಸ್ಟೂಲನ್ನು ಬಾಗಿಲ ಕಡೆಗೆ ತಿರುಗಿಸಿ, ಅಪ್ಪನಿಗೆ ಬೆನ್ನು ಕೊಟ್ಟು ಕೂತು, ಹಿಂದಕ್ಕೆ ಕೈ ಚಾಚಿ ಅವನ ಕೈ ಹಿಡಿದು ತನ್ನ ಎರಡು ಹೆಗಲ ನಡುವೆ ಇಟ್ಟುಕೊಂಡಳು. ಅದು ಬೆಚ್ಚಗಿತ್ತು, ಒರಟಾಗಿತ್ತು, ರವಿಕೆಯ ಬಟ್ಟೆಗೆ ಎಣ್ಣೆಯ ಪಸೆ ಇಳಿಯುವುದು ತಿಳಿಯುತ್ತಿತ್ತು.

ಮೊದಲ ಸಾಲಿನ ಮಂತ್ರದಲ್ಲೇ ನಾಲಿಗೆ ತೊಡರಿತು. ಬಿಟ್ಟು ಕೆಳಗಿನ ಅರ್ಥ ಹಿಡಿದಳು. ಒಂದು ದೇಹದೊಳಗಿನ ಮಾತು, ಕಣ್ಣು, ಕಿವಿ, ಮನಸ್ಸು, ಉಸಿರುಗಳಿಗೆ ನಾನು ಹೆಚ್ಚು ನಾನು ಹೆಚ್ಚು ಎಂದು ಜಗಳ ಹತ್ತಿ, ಒಂದೊಂದೇ ಮನೆ ಬಿಟ್ಟು ಹೊರಟ ಕತೆ ಅಲ್ಲಿತ್ತು. ಅವಳ ದನಿ ಸಣ್ಣದು, ಹೊಸ ಸೂಜಿಯ ಹಾಗೆ ತೆಳ್ಳಗೆ. ಅದನ್ನು ಎದೆಯ ಆಳಕ್ಕೆ ಇಳಿಸಲು ನೋಡಿದಳು. ಕೂಗಿದಳು. ಮುಂದಿನ ಕೋಣೆಯಿಂದ ಕಾಜಾ ಅಕ್ಕ ಬಂದು ಹೊಸ್ತಿಲಲ್ಲಿ ನಿಂತು, ಬಾಯಿಂದ ಸೂಜಿ ತೆಗೆದು ನೋಡಿದಳು. ಕಿವಿ ಮನೆ ಬಿಟ್ಟು ಹೋಗಿ, ಬಹಳ ಕಾಲ ಕಳೆದು ವಾಪಸು ಬಂದು, ನಾನಿಲ್ಲದೆ ಹೇಗೆ ಬದುಕಿದಿರಿ ಎಂದು ಕೇಳುವಲ್ಲಿಗೆ ಅವಳು ಬಂದಿದ್ದಳು.

ಬೆನ್ನ ಮೇಲಿನ ಕೈ ಒಂದಿಷ್ಟು ಎಡಕ್ಕೆ ಸರಿಯಿತು. ಮೇಲಕ್ಕೆ ಹೋಯಿತು. ಬೆರಳು ಒತ್ತಿ ಹುಡುಕಿತು, ಮತ್ತೆ ಕೆಳಗಿಳಿಯಿತು, ನಿಂತಿತು. ಯಾರೋ ತಂದಿಟ್ಟ ಮಷೀನಿನ ಮೇಲೆ ಆ ಕೈ ಹೀಗೆ ನಿಲ್ಲುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಆಮೇಲೆ ಬರುವ ಮಾತಿಗಾಗಿ ಗಿರಾಕಿಗಳು ಬಾಯಿ ನೋಡುತ್ತ ಕಾಯುವುದನ್ನೂ. ಅವಳು ಓದುತ್ತಲೇ ಇದ್ದಳು.

ಕೈ ತೆಗೆದದ್ದು ಮೊದಲು ಗೊತ್ತಾಗಲಿಲ್ಲ. ಅದರ ಬಿಸಿ ಇನ್ನೂ ಅಲ್ಲೇ ಇತ್ತು. ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುವ ಸದ್ದು ಕೇಳಿತು.

"ಬಂತಾ ಅಪ್ಪಾ?" ಎಂದಳು ಬಾಗಿಲನ್ನೇ ನೋಡುತ್ತ. ಬೆನ್ನು ಹಾಕಿ ಕೇಳಿದರೆ ಅವನಿಗೆ ಕಾಣುವುದಿಲ್ಲವೆಂಬುದು ಆಮೇಲೆ ನೆನಪಾಯಿತು. ತಿರುಗಿ, ತುಟಿ ಅಗಲಿಸಿ, "ನಾನು ಕಲಿತ್ಕೊಂಡು ದಿನಾ ಓದ್ತೀನಿ," ಎಂದಳು.

ಅಪ್ಪ ಅವಳ ತೊಡೆಯ ಮೇಲಿದ್ದ ಪುಸ್ತಕವನ್ನು ಮುಚ್ಚಿದ.

"ಬೇಡ," ಎಂದ.